ವಲ್ಲಿಯ ಮರೆಯಲ್ಲಿ ಕುದುರುವ ಬೆಲೆ

ಗೋಕಾಕದಿಂದ ಪೂರ್ವಕ್ಕೆ ಹೊರಟ ಬಸ್ಸು ಕೌಜಲಗಿ ಮುಟ್ಟುವ ಹೊತ್ತಿಗೆ ರಸ್ತೆಯ ಎರಡೂ ಬದಿಯ ನೆಲ ಕಪ್ಪಗಾಗಿರುತ್ತದೆ. ಘಟಪ್ರಭೆಯ ಆಚೆ ದಂಡೆಯಲ್ಲಿ, ಮೂಡಲಗಿಯ ಕಡೆ, ಕಾಲುವೆಯ ನೀರುಂಟು, ಕಬ್ಬುಂಟು. ಈಚೆ ಕೌಜಲಗಿಯ ಸುತ್ತ ಮಳೆಯ ದಾರಿ ಕಾಯುವ ಎರೆ ಹೊಲಗಳೂ ಬಹಳ. ಎರೆ ಹೊಲಕ್ಕೆ ಗಟ್ಟಿ ಎತ್ತು ಬೇಕು. ಟ್ರ್ಯಾಕ್ಟರ್ ಬಂದು ಎಷ್ಟೋ ವರ್ಷಗಳಾದರೂ ಹರಗಲು, ಬಿತ್ತಲು, ಸಾಲಿನ ನಡುವೆ ಎಡೆ ಹೊಡೆಯಲು ಎತ್ತನ್ನೇ ನೆಚ್ಚಿದ ಮನೆಗಳು ಇಲ್ಲಿ ಇನ್ನೂ ಇವೆ.

ಹಳಬರಿಗೆ ಕೌಜಲಗಿ ಎಂದರೆ ಮೊದಲು ನೆನಪಾಗುವುದು ಶ್ರೀಕೃಷ್ಣ ಪಾರಿಜಾತ. ಅಪರಾಳ ತಮ್ಮಣ್ಣನ ಕೃತಿಯನ್ನು ಈ ಸೀಮೆಯದೇ ಆದ ಕುಲಗೋಡದ ತಮ್ಮಣ್ಣ ಆಟವಾಗಿ ಬೆಳೆಸಿದ. ಕೌಜಲಗಿ ನಿಂಗಮ್ಮ ಅದನ್ನು ಊರೂರಿಗೆ ಒಯ್ದು ಹೆಸರಾದಳು. ಆ ಆಟದಲ್ಲಿ ಹಾಲು ಮಾರಲು ಬರುವ ಗೊಲ್ಲತಿಯ ಪ್ರಸಂಗವೊಂದಿದೆ. ಅವಳ ಹಾಲಿಗಿಂತ ಅವಳ ಮಾತೇ ಗಟ್ಟಿ. ಒಂದು ಮಾತಿಗೆ ಎದುರು ಮಾತು, ಅದಕ್ಕೊಂದು ಕೊಂಕು, ಕೊಂಕಿನ ತುದಿಗೊಂದು ನಗೆ. ನೋಡುವವರು ಹೊಟ್ಟೆ ಹಿಡಿದು ನಗುತ್ತಾರೆ, ಏಕೆಂದರೆ ಅದು ಅವರು ದಿನವೂ ಕೇಳುವ ಮಾತಿನ ಧಾಟಿಯೇ. ಆ ಧಾಟಿ ಹಗಲು ಹೊತ್ತಿನಲ್ಲಿ ಹೇಗೆ ಕೆಲಸ ಮಾಡುತ್ತದೆಂದು ನೋಡಬೇಕಾದರೆ ಹೊಳೆ ದಾಟಿ ಮೂಡಲಗಿಯ ದನದ ಪೇಟೆಗೆ ಹೋಗಬೇಕು. ಹಿಂದೆ ಗೋಕಾಕದ ಭಾಗವಾಗಿದ್ದ ಮೂಡಲಗಿ ಈಗ ಸ್ವತಃ ತಾಲೂಕು ಕೇಂದ್ರ. ಪೇಟೆ ಮಾತ್ರ ತಾಲೂಕಿನ ಗಡಿ ನೋಡುವುದಿಲ್ಲ.

ಪೇಟೆಯ ದಿನ ಬೆಳಕು ಹರಿಯುವ ಮೊದಲೇ ಟೆಂಪೋಗಳು ಬಂದು ನಿಲ್ಲುತ್ತವೆ. ಎತ್ತು, ಹೋರಿ, ಎಮ್ಮೆ, ಆಕಳು ಒಂದೊಂದಾಗಿ ಇಳಿಯುತ್ತವೆ. ಬಿಳಿ ಮೈಯ, ಉದ್ದ ಕೋಡಿನ ಕಿಲಾರಿಗಳು ದೂರದಿಂದಲೇ ಕಣ್ಣಿಗೆ ಬೀಳುತ್ತವೆ. ಕೃಷ್ಣಾ ತೀರದ ದೊಡ್ಡ ಮೈಯ ತಳಿ ಈಗ ಅಪರೂಪ. ಹತ್ತೊಂಬತ್ತನೆಯ ಶತಮಾನದ ಕೊನೆಯ ಹೊತ್ತಿಗೆ ಈ ಭಾಗದ ಸಂಸ್ಥಾನಿಕರು ಗೀರ್, ಓಂಗೋಲ್ ಮೊದಲಾದ ತಳಿಗಳನ್ನು ತರಿಸಿ, ಇಲ್ಲಿಯ ದನಗಳೊಡನೆ ಕೂಡಿಸಿ ಬೆಳೆಸಿದ ತಳಿ ಅದು. ಎರೆ ನೆಲದಲ್ಲಿ ಭಾರ ಎಳೆಯಲೆಂದೇ ಅದನ್ನು ರೂಪಿಸಿದರು.

ಪೇಟೆಗೆ ಬಂದ ಎತ್ತು ಹೊಸ ಸಾಮಾನಲ್ಲ. ಬೇರೊಬ್ಬರ ಮನೆಯಲ್ಲಿ ಮೇದು, ಬೇರೊಬ್ಬರ ನೊಗಕ್ಕೆ ಹೆಗಲು ಕೊಟ್ಟು ಬಂದದ್ದು. ಹಳೇ ಸೈಕಲ್ಲು, ಹಳೇ ಮೋಟಾರು, ಹಳೇ ಬಾಗಿಲು ಚೌಕಟ್ಟು, ಇವೆಲ್ಲ ಸೆಕೆಂಡ್ ಹ್ಯಾಂಡ್ ಎಂದರೆ ಎತ್ತು ಅವುಗಳ ಹಿರಿಯಣ್ಣ. 1990ರಿಂದ ನಮ್ಮ ದೇಶದಲ್ಲಿ ಪೊಟ್ಟಣದ ಸಾಮಾನಿನ ಮೇಲೆ ಎಲ್ಲ ತೆರಿಗೆ ಸೇರಿದ ಗರಿಷ್ಠ ಬೆಲೆ ಮುದ್ರಿಸಬೇಕೆಂಬ ನಿಯಮ ಬಂದಿದೆ. ಸಾಬೂನಿನ ಬೆಲೆ ಸಾಬೂನಿನ ಮೈಮೇಲೆಯೇ ಇರುತ್ತದೆ. ಬಳಸಿದ ವಸ್ತುವಿನ ಬೆಲೆ ಎಲ್ಲಿಯೂ ಬರೆದಿರುವುದಿಲ್ಲ. ಅದನ್ನು ಇಬ್ಬರು ಕೂಡಿ ಹುಡುಕಬೇಕು. ಆ ಹುಡುಕಾಟಕ್ಕೇ ಚೌಕಾಶಿ ಎಂದು ಹೆಸರು.

ಪಟ್ಟಣದಿಂದ ಬಂದವರು ಮಾಡುವ ಮೊದಲ ತಪ್ಪೆಂದರೆ ಬಂದವರೇ ಬೆಲೆ ಕೇಳುವುದು. ಇಲ್ಲಿ ಬೆಲೆ ಕೊನೆಯ ಮಾತು. ಮೊದಲು ಯಾವೂರು, ಮಳೆ ಹೇಗೆ, ಮೇವು ಹೇಗೆ. ಆಮೇಲೆ ಎತ್ತಿನ ಸುತ್ತ ಒಂದು ಸುತ್ತು, ಒಂದಿಷ್ಟು ದೂರ ನಿಂತು ಇನ್ನೊಂದು ನೋಟ. ಅನಂತರ ಬರುವ ಪ್ರಶ್ನೆಯೂ ಬೆಲೆಯದಲ್ಲ.

“ಎಷ್ಟ ಹಲ್ಲಾಗ್ಯಾವ್ರಿ, ಮಾವಾ?”

“ನಾಕ್ ಹಲ್ಲ ಅದಾವು, ನೋಡ್ರಿ.”

“ನೋಡ್ರಿ” ಎಂಬುದು ಬಾಯುಪಚಾರದ ಮಾತಲ್ಲ, ಅದು ಅಪ್ಪಣೆ. ಒಡೆಯ ಹಾಗೆ ಹೇಳುವವರೆಗೆ ಎತ್ತಿನ ಬಾಯಿಗೆ ಕೈ ಹಾಕಬಾರದು. ಹೇಳಿದ ಮೇಲೆ ಹಾಕದಿದ್ದರೂ ತಪ್ಪೇ: ನೋಡುವುದಕ್ಕೆ ಬಾರದವನು ಎಂದಾಗುತ್ತದೆ. ದನಕ್ಕೆ ಮೇಲಿನ ದವಡೆಯಲ್ಲಿ ಮುಂಬಾಗಿಲ ಹಲ್ಲಿಲ್ಲ, ಕೆಳಗೆ ಮಾತ್ರ ಎಂಟು. ಹಾಲುಹಲ್ಲು ಬಿದ್ದು ಸುಮಾರು ಎರಡು, ಎರಡೂವರೆ ವರ್ಷಕ್ಕೆ ನಡುವಿನ ಜೋಡಿ ಹುಟ್ಟುತ್ತದೆ. ಆಮೇಲೆ ಹೆಚ್ಚುಕಡಿಮೆ ವರ್ಷಕ್ಕೊಂದು ಜೋಡಿಯಂತೆ ನಾಲ್ಕೂವರೆ, ಐದು ವರ್ಷಕ್ಕೆ ಎಂಟೂ ತುಂಬಿ ಎತ್ತು ಬಾಯಿಗೂಡುತ್ತದೆ. ಅಲ್ಲಿಂದ ಮುಂದೆ ವಯಸ್ಸು ಹೇಳುವುದು ಹಲ್ಲಿನ ಸವಕಳಿ. ಶಾಲೆಯ ಮುಖ ನೋಡದ ರೈತನಿಗೂ ಈ ಲೆಕ್ಕ ಬಾಯಿಪಾಠ. ಎಮ್ಮೆ ಆಕಳಾದರೆ ಕೋಡಿನ ಉಂಗುರ ಎಣಿಸುವುದುಂಟು. ಅದನ್ನು ತಿಳಿದವರು ಕೋಡು ಹೆರೆದು, ಎಣ್ಣೆ ಸವರಿ, ಬಣ್ಣ ಬಳಿದು ತರುವುದೂ ಉಂಟು.

ಹಲ್ಲಾಯಿತೆಂದರೆ ನಡಿಗೆ. ಹಗ್ಗ ಹಿಡಿದು ನಾಲ್ಕು ಹೆಜ್ಜೆ ನಡೆಸಿ ನೋಡುತ್ತಾರೆ. ಗಟ್ಟಿ ಗಿರಾಕಿ ಗಾಡಿ ಹೂಡಿಯೇ ನೋಡುತ್ತಾನೆ. ಎಡಕ್ಕೆ ಹೂಡುವ ಎತ್ತೋ, ಬಲಕ್ಕೆ ಹೂಡುವ ಎತ್ತೋ ಎಂದು ಕೇಳುವುದು ಅಲ್ಲಿಯೇ. ಎಡಕ್ಕೆ ರೂಢಿಯಾದ ಎತ್ತನ್ನು ಬಲಕ್ಕೆ ಕಟ್ಟಿದರೆ ಮೊದಮೊದಲು ಅದಕ್ಕೂ ಕಷ್ಟ, ಕಟ್ಟಿದವನಿಗೂ ಕಷ್ಟ. ಇದರಲ್ಲೊಂದು ಸಂಕಟವಿದೆ. ಮನೆಯ ಜೋಡಿಯಲ್ಲಿ ಒಂದು ಸತ್ತು ಇನ್ನೊಂದು ಉಳಿದಾಗ ರೈತನಿಗೆ ಎಂಥದೋ ಒಂದು ಎತ್ತು ಬಂದರೆ ಸಾಲದು. ಅದೇ ಎತ್ತರ, ಅದೇ ನಡಿಗೆ, ಖಾಲಿಯಾದ ಆ ಬದಿಗೇ ಹೊಂದುವ ಎತ್ತು ಬೇಕು. ಹಾಗೆ ಜೋಡಿ ತಪ್ಪಿ ಬಂದವನೆಂದು ಮಾರುವವನಿಗೆ ಗೊತ್ತಾದರೆ ಬೆಲೆ ಏರದೆ ಇರುವುದಿಲ್ಲ. ಅದಕ್ಕೇ ಅವನು ತನಗೆ ಬೇಡವಾದ ನಾಲ್ಕೆತ್ತಿನ ಎಡಬಲ ಕೇಳಿ, ಅವುಗಳ ನಡುವೆ ತನಗೆ ಬೇಕಾದ ಐದನೆಯದನ್ನೂ ಕೇಳುತ್ತಾನೆ.

ಇನ್ನು ಖೋಡಿಯ ಮಾತು. ಮೈಮೇಲಿನ ಸುಳಿ ಎಲ್ಲಿದೆ ಎಂದು ನೋಡಿ, ಇದು ಒಳ್ಳೆಯದಲ್ಲ ಎಂದು ಮುಖ ಮಾಡುವುದು ಬೆಲೆ ಇಳಿಸುವ ಹಳೆಯ ಉಪಾಯ. ಅದಕ್ಕೆ ಮಾರುವವನೂ ನಗುತ್ತಾನೆ, ಕೊಳ್ಳುವವನೂ ನಗುತ್ತಾನೆ. ಆದರೆ “ಖೋಡಿ ಏನರ ಐತೇನ್ರಿ?” ಎಂದು ನೇರ ಕೇಳಿದಾಗ ನಗು ನಿಲ್ಲುತ್ತದೆ. ಹಾಯುತ್ತದೆಯೇ, ಒದೆಯುತ್ತದೆಯೇ, ನೊಗ ಇಟ್ಟರೆ ಮಲಗುತ್ತದೆಯೇ, ಹೊಸಬರನ್ನು ಕಂಡರೆ ಬೆದರುತ್ತದೆಯೇ? ಕೇಳುವವರೆಗೆ ಹೇಳದಿದ್ದರೆ ಜಾಣತನವೆಂದು ಪೇಟೆ ಒಪ್ಪುತ್ತದೆ. ಕೇಳಿದ ಮೇಲೆಯೂ ಮುಚ್ಚಿಟ್ಟರೆ ಅದು ಮೋಸ. ಮುಂದಿನ ಪೇಟೆಗೆ ಅವನ ಮುಖ ಗುರುತಿರುತ್ತದೆ.

ಕಾನೂನು ಓದುವ ವಿದ್ಯಾರ್ಥಿಗಳಿಗೆ ಇದು ಎಲ್ಲೋ ಓದಿದ ಹಾಗೆ ಅನಿಸಬಹುದು. 1872ರ ಭಾರತೀಯ ಕರಾರು ಕಾಯ್ದೆಯ 17ನೆಯ ಕಲಮಿನಲ್ಲಿ ವಂಚನೆ ಎಂದರೇನೆಂದು ಹೇಳಿದ ಬಳಿಕ ಕೆಲವು ಉದಾಹರಣೆಗಳನ್ನು ಕೊಟ್ಟಿದ್ದಾರೆ. ಅವುಗಳಲ್ಲಿ ಹೆಚ್ಚಿನವು ಕುದುರೆಯ ಮಾರಾಟದವು. ದೋಷವಿರುವ ಕುದುರೆಯನ್ನು ಒಬ್ಬ ಹರಾಜಿನಲ್ಲಿ ಇನ್ನೊಬ್ಬನಿಗೆ ಮಾರುತ್ತಾನೆ. ದೋಷ ತನಗೆ ಗೊತ್ತಿದ್ದರೂ ಏನೂ ಹೇಳುವುದಿಲ್ಲ. ಕಾಯ್ದೆಯ ಪ್ರಕಾರ ಇದು ವಂಚನೆಯಲ್ಲ. ಕೊಳ್ಳುವವಳು ಆಗಷ್ಟೇ ಪ್ರಾಯಕ್ಕೆ ಬಂದ ಅವನ ಮಗಳೇ ಆಗಿದ್ದರೆ? ಆಗ ಹೇಳುವುದು ಅವನ ಕರ್ತವ್ಯ. ಕೊಳ್ಳುವವನು, “ನೀನು ಅಲ್ಲಗಳೆಯದಿದ್ದರೆ ಕುದುರೆ ಚೆನ್ನಾಗಿದೆಯೆಂದೇ ತಿಳಿಯುತ್ತೇನೆ” ಎಂದು ಹೇಳಿಯೂ ಮಾರುವವನು ಸುಮ್ಮನಿದ್ದರೆ? ಆಗ ಆ ಮೌನವೇ ಮಾತಿಗೆ ಸಮ. ಬ್ರಿಟಿಷರು ಬರೆದ ಕಾಯ್ದೆಗೂ ಮೂಡಲಗಿ ಪೇಟೆಯ ರಿವಾಜಿಗೂ ಇಲ್ಲಿ ಕೂದಲೆಳೆಯಷ್ಟೂ ಅಂತರವಿಲ್ಲ. ಕಾಯ್ದೆಗೆ ಸಾಕ್ಷಿ ಬೇಕು, ವಕೀಲರು ಬೇಕು. ಪೇಟೆಗೆ ನಾಲ್ಕು ಜನರ ಕಿವಿ ಸಾಕು.

ಬಳಸಿದ ಸಾಮಾನಿನ ಪೇಟೆಯಲ್ಲಿ ಈ ಕೇಳಿ ಹೇಳುವ ರಿವಾಜು ಇಲ್ಲದಿದ್ದರೆ ಏನಾಗುತ್ತದೆ ಎಂಬುದನ್ನು ಅಮೆರಿಕದ ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್‌ಲಾಫ್ 1970ರಲ್ಲಿ ಒಂದು ಪ್ರಬಂಧದಲ್ಲಿ ತೋರಿಸಿದರು. ಅವರ ಉದಾಹರಣೆ ಹಳೆಯ ಕಾರಿನದು. ಕಾರಿನ ಹುಳುಕು ಮಾರುವವನಿಗೆ ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ. ಅದಕ್ಕೇ ಕೊಳ್ಳುವವನು ಎಲ್ಲ ಕಾರಿಗೂ ಅನುಮಾನದ ಬೆಲೆಯನ್ನೇ ಹೇಳುತ್ತಾನೆ. ಆ ಬೆಲೆಗೆ ಒಳ್ಳೆಯ ಕಾರಿನ ಒಡೆಯ ಒಪ್ಪದೆ ಮನೆಗೆ ಹೋಗುತ್ತಾನೆ. ಕೊನೆಗೆ ಪೇಟೆಯಲ್ಲಿ ಉಳಿಯುವುದು ಹುಳುಕು ಮಾಲೇ. ಅದೇ ಪ್ರಬಂಧದಲ್ಲಿ ಭಾರತದ ಗೃಹಿಣಿ ಅಂಗಡಿಯಿಂದ ತಂದ ಅಕ್ಕಿಯಲ್ಲಿ ಬೇಕೆಂದೇ ಬೆರೆಸಿದ ಕಲ್ಲನ್ನು ಆರಿಸಬೇಕಾಗುವುದನ್ನೂ ಅವರು ಬರೆದಿದ್ದಾರೆ. 2001ರಲ್ಲಿ ಅವರಿಗೆ ಇನ್ನಿಬ್ಬರೊಡನೆ ಅರ್ಥಶಾಸ್ತ್ರದ ನೊಬೆಲ್ ಬಂತು. ನಮ್ಮ ಹಿರಿಯರು ಇದನ್ನು ನೀರೊಳಗಿನ ಎಮ್ಮೆಗೆ ಬೆಲೆ ಕಟ್ಟುವುದು ಎಂದು ಒಂದೇ ಮಾತಿನಲ್ಲಿ ಮುಗಿಸಿದ್ದರು. ಎಮ್ಮೆಯನ್ನು ನೀರಿನಿಂದ ಮೇಲೆಬ್ಬಿಸುವುದಕ್ಕೇ ಪೇಟೆಯ ಇಷ್ಟೆಲ್ಲ ನಡವಳಿಕೆ: ಬಾಯಿ ತೆರೆಸುವುದು, ಗಾಡಿ ಹೂಡುವುದು, ಹಿಂದಿನ ಹೊತ್ತು ಹಾಲು ಬಿಡದೆ ಕೆಚ್ಚಲು ಉಬ್ಬಿಸಿ ತಂದಿರಬಹುದೆಂದು ಎರಡು ಹೊತ್ತು ಹಿಂಡಿ ನೋಡುತ್ತೇನೆಂದು ಹಟ ಹಿಡಿಯುವುದು.

ಶಾಲೆಗೆ ಸೂಟಿಯಿದ್ದ ದಿನ ಅಪ್ಪನ ಜೊತೆ ಮಕ್ಕಳೂ ಪೇಟೆಗೆ ಬರುತ್ತಾರೆ. ಹಗ್ಗ ಹಿಡಿದು ನಿಲ್ಲುವುದು ಅವರ ಕೆಲಸ. ಚಾಣಾಕ್ಷ ಗಿರಾಕಿಗಳು ಅಪ್ಪನನ್ನು ಬಿಟ್ಟು ಹುಡುಗನನ್ನು ಕೇಳುತ್ತಾರೆ: “ಏನೋ ತಮ್ಮಾ, ಇದು ಹಾಯ್ತೈತೇನೋ?” ಹುಡುಗ ಅಪ್ಪನ ಮುಖ ನೋಡುತ್ತಾನೆ. ಆ ಒಂದು ಗಳಿಗೆಯಲ್ಲಿ ಎತ್ತಿನ ಬೆಲೆಗಿಂತ ದೊಡ್ಡದೊಂದು ಲೆಕ್ಕ ನಡೆದಿರುತ್ತದೆ. ಮಕ್ಕಳನ್ನು ಹೀಗೆ ಕೇಳುವುದು ಸಣ್ಣತನ ಎನ್ನುವವರಿದ್ದಾರೆ. ಪೇಟೆಯಲ್ಲಿ ಸುಳ್ಳಾಡದ ಬಾಯಿ ಅದೊಂದೇ, ಕೇಳಿದರೇನು ತಪ್ಪು ಎನ್ನುವವರೂ ಇದ್ದಾರೆ. ಅಪ್ಪನಾದವನು ತಾನೇ ಮುಂದಾಗಿ, “ಹೊಸಬರ್ನ ಕಂಡ್ರ ಒಂದೀಟ ಬೆದರತೈತ್ರಿ, ನಾಕ್ ದಿನಕ್ಕ ರೂಢಿ ಆಗತೈತಿ” ಎಂದು ಹೇಳಿಬಿಟ್ಟರೆ ಹುಡುಗನಿಗೆ ಆ ಪೇಚು ತಪ್ಪುತ್ತದೆ. ಒಂದಿಷ್ಟು ಬೆಲೆಯೂ ತಪ್ಪುತ್ತದೆ, ನಿಜ.

ಇಷ್ಟಾದ ಮೇಲೆ ಬೆಲೆ. ಅದೂ ಬಾಯಿಂದಲ್ಲ. ದಲ್ಲಾಳಿ ಹೆಗಲ ಮೇಲಿನ ವಲ್ಲಿಯನ್ನೋ ಟವೆಲ್ಲನ್ನೋ ತೆಗೆದು ಗಿರಾಕಿಯ ಕೈಮೇಲೆ ಹೊದಿಸುತ್ತಾನೆ. ಅದರ ಕೆಳಗೆ ಎರಡು ಕೈ ಸೇರುತ್ತವೆ. ಒಂದು ಬೆರಳು ಹಿಡಿದರೆ ಒಂದು, ಎರಡು ಹಿಡಿದರೆ ಎರಡು, ಇಡೀ ಹಸ್ತ ಹಿಡಿದರೆ ಐದು. ಐದರ ಮೇಲಿನದಕ್ಕೆ ಮತ್ತೊಮ್ಮೆ ಹಿಡಿಯಬೇಕು. ಅರ್ಧ, ಮುಕ್ಕಾಲಿಗೂ ಗುರುತುಗಳುಂಟು, ಊರಿಂದೂರಿಗೆ ಸ್ವಲ್ಪ ಹೆಚ್ಚುಕಡಿಮೆ. ಬೆರಳೊಂದು ಸಾವಿರವೋ ಹತ್ತು ಸಾವಿರವೋ ಎಂಬುದನ್ನು ಎದುರಿಗಿದ್ದ ದನವೇ ಹೇಳುತ್ತದೆ. ಆಡಿನ ಮರಿ ಮುಂದೆ ಹಿಡಿದ ಬೆರಳಿಗೂ ಕಿಲಾರಿ ಜೋಡಿಯ ಮುಂದೆ ಹಿಡಿದ ಬೆರಳಿಗೂ ಯಾರೂ ಗೊಂದಲ ಮಾಡಿಕೊಳ್ಳುವುದಿಲ್ಲ. ಗಿರಾಕಿ ತಲೆಯಲ್ಲಾಡಿಸುತ್ತಾನೆ, ಕೈ ಕೊಸರುತ್ತಾನೆ. ದಲ್ಲಾಳಿ ಬಿಡುವುದಿಲ್ಲ. ಅದೇ ವಲ್ಲಿ ಹೊತ್ತು ಮಾರುವವನ ಹತ್ತಿರ ಹೋಗಿ ಅವನ ಕೈ ಹಿಡಿಯುತ್ತಾನೆ. ಹೀಗೆ ಏಳೆಂಟು ಸಲ ಓಡಾಟ. ಸುತ್ತ ನಿಂತವರಿಗೆ ಕಾಣುವುದು ಅಲುಗಾಡುವ ಬಟ್ಟೆ, ಮೂರು ಮುಖ. ಮುಖದಲ್ಲಿ ಏನೂ ತೋರಿಸಬಾರದೆಂಬುದೂ ರಿವಾಜೇ.

ಬಾಯಲ್ಲಿ ಆಡುವ ಮಾತು ಬೇರೆಯೇ.

“ಕೊಡೂ ಮಾತ ಹೇಳ್ರಿ ಯಜಮಾನ್ರ.”

“ನೀವು ತಗೊಳ್ಳೂ ಮಾತ ಕೇಳ್ರಲಾ ಮೊದ್ಲ.”

“ನಿಮ್ದೂ ಬ್ಯಾಡ, ನಮ್ದೂ ಬ್ಯಾಡ, ನಡುವ ಬರ್ರಿ.”

ಕೊಡೂ ಮಾತು, ತಗೊಳ್ಳೂ ಮಾತು. ಹೇಳುವ ಬೆಲೆಗೂ ಕೊಡುವ ಬೆಲೆಗೂ ಅಂತರವಿದೆಯೆಂದು ಇಬ್ಬರೂ ಒಪ್ಪಿಕೊಂಡೇ ಮಾತಿಗಿಳಿದಿರುತ್ತಾರೆ. ಆದ್ದರಿಂದ ಹೆಚ್ಚು ಹೇಳಿದವನು ಸುಳ್ಳನಲ್ಲ, ಕಡಿಮೆ ಕೇಳಿದವನು ಜಿಪುಣನಲ್ಲ. ಆದರೆ ತೀರಾ ಹೀನ ಬೆಲೆ ಕೇಳಬಾರದು. ಅದು ಎತ್ತಿಗೂ ಎತ್ತು ಸಾಕಿದವನಿಗೂ ಮಾಡಿದ ಅವಮಾನ. ಕೊಳ್ಳುವ ಮನಸ್ಸಿಲ್ಲದೆ ಸುಮ್ಮನೆ ಬೆರಳು ಹಿಡಿಯಬಾರದು. ಎಲ್ಲಕ್ಕಿಂತ ಮಿಗಿಲಾಗಿ, ಇಬ್ಬರು ಮಾತಿನಲ್ಲಿದ್ದಾಗ ಮೂರನೆಯವನು ನಡುವೆ ಕೈ ಹಾಕಬಾರದು. ಅವರ ಮಾತು ಮುರಿದು ವಲ್ಲಿ ಹೆಗಲಿಗೇರಿದ ಮೇಲೆ ಅವನ ಸರದಿ.

ಈ ಬೆರಳ ಭಾಷೆ ಇಲ್ಲಿಯದಷ್ಟೇ ಅಲ್ಲ. ಬಹ್ರೇನಿನ ಕಡೆಯ ಮುತ್ತಿನ ವ್ಯಾಪಾರಿಗಳು ಬಟ್ಟೆಯ ಕೆಳಗೆ ಕೈ ಹಿಡಿದೇ ಬೆಲೆ ಕುದುರಿಸುತ್ತಿದ್ದರು. ಚೀನದ ದನದ ಪೇಟೆಗಳಲ್ಲಿ ಅಂಗಿಯ ಅಗಲ ತೋಳಿನ ಒಳಗೆ ಇದೇ ಆಟ ನಡೆಯುತ್ತಿತ್ತು. ನೋಡುವವರಿಗೆ ಬೆಲೆ ತಿಳಿಯದಿರಲಿ, ಒಬ್ಬನಿಗೆ ಕೊಟ್ಟ ಬೆಲೆಯನ್ನೇ ಎಲ್ಲರೂ ಕೇಳದಿರಲಿ ಎಂಬುದು ಎಲ್ಲೆಡೆಯೂ ಕೊಡುವ ಕಾರಣ. ಅದು ಸರಿಯೇ. ದಲ್ಲಾಳಿಗೂ ಅದರಿಂದ ಲಾಭವುಂಟು. ಇಬ್ಬರ ಬೆರಳಿನ ಲೆಕ್ಕವೂ ಗೊತ್ತಿರುವವನು ಅವನೊಬ್ಬನೇ. ಮಾರುವವನಿಗೆ ಒಂದು ಬೆಲೆ, ಕೊಳ್ಳುವವನಿಗೆ ಒಂದು ಬೆಲೆ ತೋರಿಸಿ ನಡುವಿನದನ್ನು ಜೇಬಿಗಿಳಿಸಿದ ದಲ್ಲಾಳಿಗಳ ಕಥೆಗಳು ಪ್ರತಿ ಪೇಟೆಯಲ್ಲೂ ಇವೆ. ವಲ್ಲಿಯನ್ನು ಹೊಗಳುವವರು ಇದನ್ನು ಮರೆಯಬಾರದು.

ಆದರೆ ಜೂನ್ ತಿಂಗಳಲ್ಲಿ ಪೇಟೆಗೆ ಹೋದವರಿಗೆ ವಲ್ಲಿಯ ಇನ್ನೊಂದು ಉಪಯೋಗ ಕಾಣುತ್ತದೆ. ಆಗ ಬಿತ್ತನೆಯ ಹಂಗಾಮು. ಎತ್ತು ಬೇಕಾದವರು ಬಹಳ, ಒಳ್ಳೆಯ ಬೆಲೆ ಬರುವ ಕಾಲ. ಹಾಗಾದರೆ ಅದೇ ಹೊತ್ತಿನಲ್ಲಿ, ಸ್ವಂತ ಹೊಲ ಬಿತ್ತುವುದಿರುವಾಗ, ಎತ್ತು ಮಾರಲು ಬಂದವನು ಯಾರು? ವ್ಯಾಪಾರಿಯಲ್ಲದಿದ್ದರೆ ಅವನು ತೊಂದರೆಯಲ್ಲಿರುವವನು. ಶಾಲೆ ಕಾಲೇಜು ತೆರೆಯುವುದೂ ಅದೇ ತಿಂಗಳು. ಮಗಳಿಗೆ ಗೋಕಾಕದಲ್ಲೋ ಬೆಳಗಾವಿಯಲ್ಲೋ ಸೀಟು ಸಿಕ್ಕಿದೆ, ಫೀ ಕಟ್ಟಲು ದಿನ ಗೊತ್ತಾಗಿದೆ. ಅವನಿಗೆ ಇಂದೇ ಹಣ ಬೇಕು. ನಾಲ್ಕು ಜನರೆದುರು ಬೆಲೆ ಕೂಗಬೇಕಾಗಿದ್ದರೆ, ಐದರಿಂದ ನಾಲ್ಕಕ್ಕೆ, ನಾಲ್ಕರಿಂದ ಮೂರೂವರೆಗೆ ಅವನು ಇಳಿಯುವುದನ್ನು ಊರೆಲ್ಲ ಕೇಳುತ್ತಿತ್ತು. ಎಷ್ಟು ಇಳಿದ, ಎಷ್ಟು ಬೇಗ ಇಳಿದ ಎಂಬುದರಿಂದಲೇ ಅವನ ಮನೆಯ ಪರಿಸ್ಥಿತಿ ಬಯಲಾಗುತ್ತಿತ್ತು. ವಲ್ಲಿಯ ಕೆಳಗೆ ಇಳಿದದ್ದು ಅವನಿಗೆ ಗೊತ್ತು, ಹಿಡಿದ ಕೈಗೆ ಗೊತ್ತು. ಮೇಲೆ ಮುಖ ಗಂಭೀರವಾಗಿಯೇ ಇರುತ್ತದೆ.

ಇದಕ್ಕೆ ಸೇರಿದ ಇನ್ನೊಂದು ರಿವಾಜೆಂದರೆ, ಏಕೆ ಮಾರುತ್ತೀರಿ ಎಂದು ಬಿಡಿಸಿ ಕೇಳದಿರುವುದು. ಎತ್ತಿನ ಖೋಡಿ ಎಷ್ಟು ಬೇಕಾದರೂ ಕೇಳಬಹುದು, ಮನೆಯ ಖೋಡಿ ಕೇಳಬಾರದು. ಕೇಳಿದರೂ ಉತ್ತರ ಸಿದ್ಧವಾಗಿರುತ್ತದೆ: “ಹೊಲ ಕೋರಿ ಹಾಕೇವ್ರಿ, ಎತ್ತ ಕಟ್ಟಿಗೊಂಡ ಏನ ಮಾಡೂದು.” ಕೋರಿ ಎಂದರೆ ಪಾಲಿಗೆ ಕೊಡುವುದು. ಕೇಳಿದವನು ಅದನ್ನು ನಂಬಿದ ಹಾಗೆ ತಲೆಯಾಡಿಸುತ್ತಾನೆ. ಎದುರಿಗಿದ್ದವನ ಅವಸರವನ್ನು ಅರಿತೂ ಅದರ ಲಾಭವನ್ನು ಪೂರ್ತಿ ಹಿಂಡಿಕೊಳ್ಳದೆ ಒಂದು ಬೆರಳು ಹೆಚ್ಚು ಹಿಡಿಯುವ ಗಿರಾಕಿಗಳಿದ್ದಾರೆ. ಅದನ್ನವರು ಧರ್ಮವೆಂದು ಹೇಳಿಕೊಳ್ಳುವುದಿಲ್ಲ. “ಬರಕತ್ತು ಬರಬೇಕಲ್ರಿ” ಎನ್ನುತ್ತಾರೆ: ಕಣ್ಣೀರು ಹಾಕಿಸಿ ತಂದ ಎತ್ತು ಹೊಸ ಮನೆಯಲ್ಲಿ ಏಳಿಗೆಯಾಗುವುದಿಲ್ಲ ಎಂಬ ನಂಬಿಕೆ. ಎಲ್ಲ ಗಿರಾಕಿಗಳೂ ಹೀಗಲ್ಲ ಎಂಬುದನ್ನು ಹೇಳಬೇಕಾಗಿಲ್ಲ. ಬರಗಾಲದಲ್ಲಿ ಮೇವಿಲ್ಲದೆ ಪೇಟೆ ತುಂಬ ಎತ್ತು ಬಂದಾಗ ಯಾವ ರಿವಾಜೂ ಬೆಲೆಯನ್ನು ಹಿಡಿದು ನಿಲ್ಲಿಸಲಾರದು.

ಬೆರಳು ಕೂಡಿದವೆಂದರೆ ದಲ್ಲಾಳಿ ವಲ್ಲಿ ಕೊಡವಿ ಹೆಗಲಿಗೆ ಹಾಕುತ್ತಾನೆ. ಗಿರಾಕಿ ಸಂಚಕಾರದ ಹಣ ಮಾರುವವನ ಕೈಗಿಡುತ್ತಾನೆ. ಸಂಚಕಾರ ತೆಗೆದುಕೊಂಡ ಮೇಲೆ ಅಪ್ಪನೇ ಬಂದು ಇಮ್ಮಡಿ ಕೊಟ್ಟರೂ ಎತ್ತು ಬೇರೆಯವರಿಗಿಲ್ಲ. ಕೊಳ್ಳುವವನು ಹಿಂದೆ ಸರಿದರೆ ಸಂಚಕಾರ ಹೋಯಿತು, ಹಣಕ್ಕಿಂತ ಹೆಚ್ಚಾಗಿ ಹೆಸರು ಹೋಯಿತು. ಪೂರ್ತಿ ಹಣ ಎಣಿಸಿಯಾದ ಮೇಲೆ ಹಗ್ಗ ಕೈ ಬದಲಾಗುತ್ತದೆ. ಮಾರುಕಟ್ಟೆ ಸಮಿತಿಯ ಪಾವತಿ ಮಾಡಿಸಿ ಜೇಬಿನಲ್ಲಿಟ್ಟುಕೊಳ್ಳಬೇಕು; ಜಾನುವಾರು ಸಂರಕ್ಷಣೆಯ ಹೊಸ ಕಾಯ್ದೆ 2021ರಲ್ಲಿ ಜಾರಿಗೆ ಬಂದ ಮೇಲೆ ದಾರಿಯಲ್ಲಿ ಕಾಗದ ಕೇಳುವುದು ಹೆಚ್ಚಾಗಿದೆ. ಒಳ್ಳೆಯ ಹೋರಿಯಾದರೆ ಗುಲಾಲು ಎರಚಿ, ಹಲಗೆ ಬಾರಿಸುತ್ತ ಕರೆದೊಯ್ಯುವುದೂ ಉಂಟು. ಮಾರಿದವನು ಆ ಗದ್ದಲದಲ್ಲಿ ಒಮ್ಮೆ ಎತ್ತಿನ ಬೆನ್ನು ಸವರಿ ಹಿಂದಿರುಗಿ ನೋಡದೆ ಬಸ್ ನಿಲ್ದಾಣದ ಕಡೆ ನಡೆಯುತ್ತಾನೆ.

ದನ ಕಾಣದ ಪಟ್ಟಣದ ವಿದ್ಯಾರ್ಥಿಗೂ ಇದೆಲ್ಲ ಪೂರ್ತಿ ಹೊಸದೇನಲ್ಲ. ಅವನ ಪೇಟೆ ಪಠ್ಯಪುಸ್ತಕದ್ದು. ಸರ್ಕಾರಿ ಶಾಲೆಯ ಮಕ್ಕಳಿಗೆ ಈಗ ಪುಸ್ತಕ ಉಚಿತವಾಗಿ ಸಿಗುತ್ತದೆ. ಹಿಂದೆ ಪರೀಕ್ಷೆ ಮುಗಿದ ಮರುದಿನವೇ ಮೇಲಿನ ತರಗತಿಯವರ ಮನೆ ಬಾಗಿಲಿಗೆ ಹೋಗಿ ಪುಸ್ತಕ ಹೇಳಿಟ್ಟು ಬರಬೇಕಿತ್ತು. ಕಾಲೇಜಿನ ದಪ್ಪ ಪುಸ್ತಕಗಳ ವಿಷಯದಲ್ಲಿ ಆ ಪದ್ಧತಿ ಇನ್ನೂ ಇದೆ. ಒಂದು ವರ್ಷ ಬಳಸಿದ್ದಕ್ಕೆ ಅರ್ಧ ಬೆಲೆ ಎಂಬುದು ಯಾರೂ ಬರೆಯದ, ಎಲ್ಲರೂ ಒಪ್ಪಿದ ಲೆಕ್ಕ. ಅಲ್ಲಿಂದ ಮೇಲೆ ಕೆಳಗೆ ಚೌಕಾಶಿ. ರಟ್ಟು ಹಾಕಿದ್ದರೆ ಒಂದಿಷ್ಟು ಹೆಚ್ಚು. ಲೆಕ್ಕದ ಪುಸ್ತಕದಲ್ಲಿ ಉತ್ತರ ಪೆನ್ಸಿಲಿನಲ್ಲಿ ಬರೆದಿದ್ದರೆ ನಡೆಯುತ್ತದೆ, ಪೆನ್ನಿನಲ್ಲಿ ಬರೆದಿದ್ದರೆ ಕಡಿಮೆ. ಪುಟ ಎಣಿಸಿ ನೋಡುವುದು ಇಲ್ಲ, ಅದು ಕೊಡುವವರಿಗೆ ಅವಮಾನ, “ಎಲ್ಲಾ ಪಾನಾ ಅದಾವಿಲ್ಲೋ?” ಎಂದು ಕೇಳಬೇಕು, ಕೇಳಿದರೆ ಹೇಳಬೇಕು. ಪಠ್ಯ ಬದಲಾಗುತ್ತದೆಂದು ಮೊದಲೇ ತಿಳಿದಿದ್ದೂ ಹೇಳದೆ ಮಾರಿದವನನ್ನು ತರಗತಿ ಬಹಳ ದಿನ ಮರೆಯುತ್ತಿರಲಿಲ್ಲ. ಇಲ್ಲಿಯೂ ವಲ್ಲಿಯ ಕೆಲಸ ಮಾಡುವವರೊಬ್ಬರಿದ್ದರು: ತಾಯಂದಿರು. ಹುಡುಗರು ಬೆಲೆ ಮಾತಾಡುತ್ತಿರುವಾಗ ಒಳಗಿನಿಂದ ಬಂದು, “ಇರಲಿ, ಇದ್ದಷ್ಟ ಕೊಟ್ಟ ಒಯ್ಯಪಾ, ಉಳಿದದ್ದು ಆಮ್ಯಾಲ ಕೊಡು” ಎಂದು ಮಾತು ಮುಗಿಸುತ್ತಿದ್ದರು. ಆ ಉಳಿದದ್ದು ಬಂತೇ ಎಂದು ಅವರು ವಿಚಾರಿಸಿದ್ದು ಕಡಿಮೆ.

ಪೇಟೆಯ ರೀತಿ ಈಗ ಬದಲಾಗುತ್ತಿದೆ. 2022ರಲ್ಲಿ ಚರ್ಮಗಂಟು ರೋಗ ಹರಡಿದಾಗ ರಾಜ್ಯದ ಹಲವು ಜಿಲ್ಲೆಗಳಲ್ಲಿ ದನದ ಸಂತೆ ಜಾತ್ರೆಗಳನ್ನು ನಿಲ್ಲಿಸಿದ್ದರು. ದನದ ವ್ಯಾಪಾರ ಮೊಬೈಲಿಗೆ ಬಂದು ಕುಳಿತಿದೆ. ಎತ್ತಿನ ಫೋಟೋ, ಕೆಳಗೆ ಬೆಲೆ, ಫೋನ್ ನಂಬರು. ಮಾತು ಬೇಗ ಮುಗಿಯುತ್ತದೆ, ದಲ್ಲಾಳಿಯ ಖರ್ಚಿಲ್ಲ, ಕೊಳ್ಳುವವನು ವಿಜಯಪುರದವನಾದರೂ ಸರಿ, ಸಾಂಗ್ಲಿಯವನಾದರೂ ಸರಿ. ಆದರೆ ಫೋಟೋದ ಬಾಯಿ ತೆರೆದು ಹಲ್ಲು ಎಣಿಸುವಂತಿಲ್ಲ, ಫೋಟೋದ ಎತ್ತು ಹಾಯುವುದೂ ಇಲ್ಲ. ಬೆಲೆಯನ್ನು ಎಲ್ಲರೂ ಓದುತ್ತಾರೆ. ಮೊನ್ನೆಯ ಬೆಲೆ ಅಳಿಸಿ ಇವತ್ತು ಕಡಿಮೆ ಬರೆದರೆ ಅದನ್ನೂ ಓದುತ್ತಾರೆ. ಫೋನಿನಲ್ಲಿ ಗೊತ್ತುಮಾಡಿಕೊಂಡವರು ಕೂಡ ಕೊನೆಗೆ ಎತ್ತಿನ ಮುಂದೆ ಬಂದು ನಿಂತು, ಬಾಯಿ ನೋಡಿ, ಖೋಡಿ ಕೇಳಿ, ಹಗ್ಗ ಹಿಡಿಯುವ ಮೊದಲು ಮತ್ತೊಮ್ಮೆ ಮಾತಿಗಿಳಿಯುವುದು ಅದಕ್ಕೇ.

ಮುಂಗಾರಿನ ಆ ದಿನಗಳಲ್ಲೇ, ಕಾರಹುಣ್ಣಿಮೆ ಕಳೆದು ಹದಿನೈದು ದಿನಕ್ಕೆ, ಮಣ್ಣೆತ್ತಿನ ಅಮಾವಾಸ್ಯೆ ಬರುತ್ತದೆ. ಕೌಜಲಗಿಯ ಸುತ್ತಿನ ಊರುಗಳಲ್ಲಿ ಎತ್ತು ಇದ್ದವರೂ ಇಲ್ಲದವರೂ ಮಣ್ಣಿನ ಜೋಡಿ ಎತ್ತು ಮಾಡಿ ಪೂಜಿಸುತ್ತಾರೆ. ಮಾರನೆಯ ದಿನ ಹುಡುಗರ ಸರದಿ. ಒಂದು ಮಣ್ಣೆತ್ತಿನ ಕಾಲು ಮುರಿದು, ಅದನ್ನು ಹಲಗೆಯ ಮೇಲಿಟ್ಟು, ತಮ್ಮದು ಕುಂಟೆತ್ತು ಎಂದು ತಾವೇ ಗಟ್ಟಿಯಾಗಿ ಹಾಡುತ್ತ ಮನೆಮನೆಗೆ ಹೋಗುತ್ತಾರೆ. ಯಾರೂ ಅದರ ಹಲ್ಲು ಎಣಿಸುವುದಿಲ್ಲ, ಬೆರಳು ಹಿಡಿಯುವುದಿಲ್ಲ. ಪ್ರತಿ ಬಾಗಿಲಲ್ಲೂ ಬೊಗಸೆ ಜೋಳ ಬೀಳುತ್ತದೆ. ಸಂಜೆ ಆ ಜೋಳವನ್ನು ಅಂಗಡಿಗೆ ಹಾಕಿ ಚುರುಮುರಿ, ಬೆಲ್ಲ ತರುವಾಗ ಮಾತ್ರ ಹುಡುಗರು ಅಂಗಡಿಕಾರನೊಡನೆ ಚೆನ್ನಾಗಿಯೇ ಚೌಕಾಶಿ ಮಾಡುತ್ತಾರೆ.